ದೊಡ್ಡವ್ವನ ಕಟ್ಟಿಲು

ಕಳೆದ ವಾರ ಕಾಂಗೇಯದಲ್ಲಿ ಕಾರು ನಿಲ್ಲಿಸಿದ ಕಡೆ ಒಂದು ಹಗ್ಗದ ಅಂಗಡಿ ಇತ್ತು. ನೆನೆದ ತೆಂಗಿನ ನಾರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ದೊಡ್ಡವ್ವ ನೆನಪಾದರು. ಸಂಬಂಧಿಯೇನಲ್ಲ. ಕೊಯಮತ್ತೂರಿನ ಹತ್ತಿರದ ಕರುಮತ್ತಂಪಟ್ಟಿಯಲ್ಲಿ ನಮ್ಮ ಎರಡು ಮನೆಗಳಿಗೂ ಒಂದೇ ಗೋಡೆ. ಅವರ ಮಗ್ಗ ಓಡಿದರೆ ನಮ್ಮ ಪಾತ್ರೆಗಳು ನಡುಗುತ್ತಿದ್ದವು.

ಮಂಚಕ್ಕೆ ನಮ್ಮ ಕಡೆ ಕಟ್ಟಿಲು ಎನ್ನುತ್ತಾರೆ, ತಮಿಳರ ಹಾಗೆಯೇ. ಕಾನ್ವೆಂಟಿನಲ್ಲಿ ಸಿಸ್ಟರ್ ಅದನ್ನು ‘ಕಾಟ್’ ಎಂದು ಕಲಿಸಿದರು. ಪ್ಯೂರ್ ಇಂಗ್ಲಿಷ್ ಎಂದೇ ನಂಬಿದ್ದೆ. ಹಿಂದಿಯ ‘ಖಾಟ್’ ಹಡಗು ಹತ್ತಿ ಹೋಗಿ ಹಾಗಾಯಿತೆಂದು ಡಿಕ್ಷನರಿ ನೋಡಿದ ಮೇಲೆ ತಿಳಿಯಿತು. ಆದರೆ ಕಟ್ಟಿಲು ಎಂಬುದರ ಅರ್ಥ ಹೊಳೆದದ್ದು ದೊಡ್ಡವ್ವನ ಗಂಡ ತೀರಿಕೊಂಡಾಗ.

ಅವರ ಜೀವ ಹೋದದ್ದು ಜಗಲಿಯ ಹಗ್ಗದ ಕಟ್ಟಿಲಿನ ಮೇಲೆ. ಅದು ದೊಡ್ಡವ್ವನ ತವರಿನಿಂದ ಬಂದದ್ದು. ಆ ಮನೆಯಲ್ಲಿ ಅವರದೆಂದು ಇದ್ದದ್ದು ಅದೊಂದೇ. ಕಾರ್ಯ ಮುಗಿದ ಮರುದಿನ ಮೈದುನ ಬಂದು ಅದರ ಕಾಲಿಗೆ ಕೈ ಹಾಕಿದರು.

“ಸಾವಾದ ಕಟ್ಟಿಲು ಮನೇಲಿ ಇರಬಾರದು ಅತ್ತಿಗೆ. ಸುಡುಗಾಡಾಚೆ ಹಾಕ್ಬುಡ್ತೀನಿ.”

“ನಿಮ್ಮಣ್ಣ ಹೋದ್ದು ಈ ಮನೇಲೇ ತಾನೆ. ಮನೇನೂ ಹೊತ್ಕೊಂಡು ಹೋಗ್ತೀಯಾ?”

ಮೈದುನ ಕೈ ತೆಗೆಯಲಿಲ್ಲ. ದೊಡ್ಡವ್ವ ಒಳಗಿನಿಂದ ಕುಡುಗೋಲು ತಂದು, ಹಗ್ಗವನ್ನೆಲ್ಲ ಕೊಯ್ದು ಅವರ ಮುಂದೆ ಹಾಕಿದರು.

“ಕಟ್ಟಿದ್ರೆ ತಾನೆ ಅದು ಕಟ್ಟಿಲು? ಈಗ ಬರೀ ಮರ. ಮರಕ್ಕೇನು ಮೈಲಿಗೆ? ಹಗ್ಗ ತಗೊಂಡು ಹೋಗಪ್ಪಾ.”

ಮೈದುನ ಹಗ್ಗವನ್ನಷ್ಟೇ ಸುತ್ತಿಕೊಂಡು ಹೋದರು... ಏನೋ ಗೊಣಗುತ್ತಲೇ.

ಮಧ್ಯಾಹ್ನ ದೊಡ್ಡವ್ವ ಹೊಸ ಹಗ್ಗ ನೆನೆಸಿದರು. ಹಗ್ಗದ ಉಂಡೆ ಹಿಡಿದುಕೊಳ್ಳಲು ನನ್ನನ್ನು ಕೂರಿಸಿಕೊಂಡರು. ತಲೆದೆಸೆಯಿಂದ ಹೆಣೆಯುತ್ತ ಬಂದು, ಕೊನೆಗೆ ಮರಕ್ಕೆ ಪಾದ ಕೊಟ್ಟು ಎಳೆದು ಬಿಗಿದರು. ಅಳಲಿಲ್ಲ. ಹಗ್ಗ ಒಣಗುವ ಮೊದಲೇ ಅದರ ಮೇಲೆ ಮಲಗಿ ಗೋಡೆಗೆ ಮುಖ ಮಾಡಿದರು.

ನಾನು ಮದುವೆಯಾಗಿ ಕೊಯಮತ್ತೂರಿಗೆ ಬಂದೆ. ಎಷ್ಟೋ ವರ್ಷಗಳ ಮೇಲೆ ದೊಡ್ಡವ್ವನೂ ಅದೇ ಕಟ್ಟಿಲಿನ ಮೇಲೆ ಹೋದರಂತೆ. ಈ ಸಲ ಹಗ್ಗ ಕೊಯ್ದವರು ಅವರ ಮಕ್ಕಳು. ಮತ್ತೆ ಕಟ್ಟುವವರು ಯಾರೂ ಇರಲಿಲ್ಲ. ಮರ ಬೇಡವೆಂದರು, ನಾನು ಕೇಳಿ ತಂದೆ. ಗೆಸ್ಟ್ ರೂಮಿನ ಗೋಡೆಗೆ ಒರಗಿಸಿಟ್ಟಿದ್ದೇನೆ.

ಕಾಂಗೇಯದಿಂದ ಒಂದು ಸುರುಳಿ ಹಗ್ಗ ತಂದು ಬಾತ್‌ರೂಮಿನ ಬಕೆಟ್ಟಿನಲ್ಲಿ ನೆನೆಸಿಯೂ ಆಯಿತು. ತಲೆದೆಸೆಯ ಮೊದಲ ಗಂಟು ಹೇಗೆ ಹಾಕುತ್ತಿದ್ದರೋ... ಆವತ್ತು ನಾನು ಕೈಯಲ್ಲಿದ್ದ ಉಂಡೆಯನ್ನಷ್ಟೇ ನೋಡಿಕೊಂಡು ಕೂತಿದ್ದೆ. ಕೇಳೋಣವೆಂದರೆ ಅವರಿಲ್ಲ. ಗೋಡೆಗೆ ಒರಗಿದ್ದು ಇನ್ನೂ ಬರೀ ಮರ.