ನೆರೆಯೊನ ಎಡಗಾಲು

ಮಂಗಳವಾರ ಮಧ್ಯಾಹ್ನ ನೆರೆಯೊ ತೀರಿಕೊಂಡ, ಟ್ರ್ಯಾಕ್ಟರಿನ ಸೀಟಿನಲ್ಲಿ ಕೂತಲ್ಲೇ. ಎಪ್ಪತ್ತಮೂರು ವರ್ಷ. ಹೃದಯ ನಿಂತಿದೆ ಎಂದರು ಕಾರ್ತಾಗೋ ಪಟ್ಟಣದಿಂದ ಬಂದ ವೈದ್ಯರು.

ಇರಾಸು ಬೆಟ್ಟದ ಇಳಿಜಾರಿನಲ್ಲಿ ಈರುಳ್ಳಿ ಬೆಳೆಯುವವರು ಹಳೆಯ ಟ್ರ್ಯಾಕ್ಟರಿಗೆ ಮಣ್ಣು ಪುಡಿಮಾಡುವ ರೋಟವೇಟರ್ ಕಟ್ಟುವ ಮೊದಲು ಅವನನ್ನು ಕರೆಸುತ್ತಿದ್ದರು. ಅಂಥ ಗಾಡಿಯಲ್ಲಿ ಕ್ಲಚ್ ತುಳಿದರೂ, ತಿರುಗುತ್ತಿರುವ ರೋಟವೇಟರು ತನ್ನ ರಭಸವನ್ನು ಶಾಫ್ಟಿನ ಮೂಲಕ ಗೇರ್‌ಬಾಕ್ಸಿಗೇ ಕೊಟ್ಟು ಗಾಡಿಯನ್ನು ಮುಂದಕ್ಕೆ ನೂಕುತ್ತದೆ. ಆ ರಭಸ ಹಿಂದಕ್ಕೆ ದಾಟದಂತೆ ತಡೆಯಲು ನಡುವೆ ಒಂದು ಜೋಡಣೆ ಬೇಕು, ಸೈಕಲ್ಲಿನ ಫ್ರೀವೀಲಿನ ಹಾಗೆ. ನೆರೆಯೊ ಅದನ್ನು ಕೂರಿಸಿ, ಗಾಡಿಯ ಮುಂದೆ ಗೂಟ ನೆಟ್ಟು, ಅದಕ್ಕೊಂದು ಹಳೆಯ ಟೋಪಿ ಸಿಕ್ಕಿಸಿ, "ಈಗ ತುಳಿ" ಎನ್ನುತ್ತಿದ್ದ. ತಾನು ಮಾತ್ರ ಹತ್ತುತ್ತಿರಲಿಲ್ಲ. ಹೊಸಬರು ನಗುತ್ತಿದ್ದರು. ಹಳಬರು ಟೋಪಿಯ ಕಡೆ ನೋಡುತ್ತಿರಲಿಲ್ಲ.

ಅದು ಅವನ ತಮ್ಮ ಅಬೆಲಿನೊನ ಟೋಪಿ. ಮೂವತ್ತೊಂದು ವರ್ಷದ ಹಿಂದೆ ಅಬೆಲಿನೊ ಸಾಲಿನ ಕೊನೆಯಲ್ಲಿ, ಕಲ್ಲುಗೋಡೆಗೆ ಬೆನ್ನು ಮಾಡಿ, ಕಲ್ಲು ಆಯುತ್ತಿದ್ದ. ಜೋಡಣೆ ಇಲ್ಲದ ಅವನ ಟ್ರ್ಯಾಕ್ಟರು ನೆರೆಯೊನ ಕೈಯಲ್ಲಿ ಅವನತ್ತ ಬರುತ್ತಿತ್ತು. ನೆರೆಯೊ ಕ್ಲಚ್ ತುಳಿದ. ಗಾಡಿ ನಿಲ್ಲಲಿಲ್ಲ.

ಆಮೇಲೆ ಊಟಕ್ಕೆ ಕೂತರೂ ಅವನ ಎಡಗಾಲು ನೆಲವನ್ನು ಒತ್ತುತ್ತಲೇ ಇರುತ್ತಿತ್ತು. ಆ ಟ್ರ್ಯಾಕ್ಟರು ಶೆಡ್ಡಿನಲ್ಲಿ ಟಾರ್ಪಾಲಿನಡಿ ಉಳಿಯಿತು.

ಹೋದ ಭಾನುವಾರ ಅಬೆಲಿನೊನ ಮಗಳು ದಾಮಾರಿಸ್ ಬಂದಳು.

"ದೊಡ್ಡಪ್ಪ, ಸಸಿ ಬಲಿತು ಹೋಗ್ತಿವೆ. ಬಾಡಿಗೆ ಗಾಡಿಯೋರು ಇನ್ನೂ ಹದಿನೈದು ದಿನ ಅಂತಾರೆ. ಅಪ್ಪನ ಗಾಡಿ ಕೊಡಿ."

"ನಿಮ್ಮಪ್ಪನ್ನ ತಿಂದ ಗಾಡಿ ಅದು."

"ಊರೋರ ಗಾಡಿಗೆಲ್ಲ ಜೋಡಣೆ ಹಾಕಿದ್ರಲ್ಲ, ಇದಕ್ಕೆ ಮಾತ್ರ ಕೈ ನಡುಗುತ್ತಾ? ಕೊಡದಿದ್ರೆ ಯಾರದಾದ್ರೂ ಮುರುಕು ಗಾಡಿ ತಂದು ಹೊಡೀತೀನಿ, ಜೋಡಣೆ ಇಲ್ದೇನೇ."

"ಬಾಯಿ ನೋಡು, ಥೇಟ್ ಅವನದೇ!" ಎಂದು ಬೈಯುತ್ತಲೇ ಟಾರ್ಪಾಲು ಎಳೆದ.

ಎರಡು ದಿನ ದುಡಿದ. ಜೋಡಣೆ ಕೂರಿಸಿದ, ಶಾಫ್ಟಿಗೆ ಹೊಸ ಕವಚ ಹಾಕಿದ. ಮಂಗಳವಾರ ಮಧ್ಯಾಹ್ನ ಅದೇ ಗೋಡೆಯ ಮುಂದೆ ಗೂಟ ನೆಟ್ಟು ಟೋಪಿ ಸಿಕ್ಕಿಸಿದ. ದಾಮಾರಿಸ್ ಸೀಟಿನ ಕಡೆ ಹೊರಟಳು.

"ನೀನು ದೂರ ನಿಲ್ಲು. ಇದನ್ನ ನಾನೇ ತುಳೀಬೇಕು."

ಗಾಡಿ ಹೊರಟಿತು. ಹಿಂದೆ ರೋಟವೇಟರು ಗಿರ್ರೆನ್ನುತ್ತಿತ್ತು. ಟೋಪಿಗೆ ಎರಡು ಮಾರು ಇದ್ದಾಗ ನೆರೆಯೊ ಕ್ಲಚ್ ತುಳಿದ. ರೋಟವೇಟರು ತನ್ನ ಪಾಡಿಗೆ ತಿರುಗಿತು, ಚಕ್ರಗಳು ನಿಂತವು.

ಅವನು ಕದಲಲಿಲ್ಲ. ಕಣ್ಣು ಟೋಪಿಯ ಮೇಲೆಯೇ ಇತ್ತು.

"ನಿಂತಿದೆ ದೊಡ್ಡಪ್ಪ," ದಾಮಾರಿಸ್ ದೂರದಿಂದಲೇ ಕೂಗಿದಳು. "ಸಾಕು, ಕಾಲು ತೆಗೀರಿ."

ಗೇರು ಬಿಡಿಸಿದ. ಬ್ರೇಕ್ ಹಾಕಿದ. ಎಂಜಿನ್ ಆರಿಸಿದ. ಹಿಂತಿರುಗಿ, ಶಾಫ್ಟ್ ಪೂರ್ತಿ ನಿಲ್ಲುವವರೆಗೆ ನೋಡಿದ. ಆಮೇಲೆ ಮೆಲ್ಲಗೆ ಎಡಗಾಲನ್ನು ಎತ್ತಿದ.