ವಂಶವೃಕ್ಷದಲ್ಲಿ ನಾನೆಳೆದ ಎರಡನೇ ಗೆರೆ

ಹದಿನಾಲ್ಕು ವರ್ಷ ನೆಟ್ಟಗೆ ನಡೆದ ಒಂದು ಸಂಸಾರವನ್ನು ನಾನು ಸ್ಕೇಲು ಪೆನ್ಸಿಲ್ ಹಿಡಿದು ಅರ್ಧ ನಿಮಿಷದಲ್ಲಿ ಅನುಮಾನಕ್ಕೆ ತಳ್ಳಿದ್ದೇನೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

೨೦೦೬ರಲ್ಲಿ ನಾನು ದೆಹಲಿಯ ಒಂದು ಖಾಸಗಿ ಆಸ್ಪತ್ರೆಯ ಕಿಡ್ನಿ ಕಸಿ ವಿಭಾಗದಲ್ಲಿ ಸಹಾಯಕ ಕೋಆರ್ಡಿನೇಟರ್. ವಯಸ್ಸು ಇಪ್ಪತ್ತನಾಲ್ಕು, ಅನುಭವ ನಾಲ್ಕು ತಿಂಗಳು, ಆತ್ಮವಿಶ್ವಾಸ ಮಾತ್ರ ವಿಭಾಗದ ಮುಖ್ಯಸ್ಥರಿಗಿಂತ ಒಂದು ಕೈ ಮೇಲು. ಕಿಡ್ನಿ ಕೊಡುವವರ, ಪಡೆಯುವವರ ಕಾಗದಪತ್ರ ಜೋಡಿಸಿ ಅನುಮತಿ ಸಮಿತಿಯ ಮುಂದಿಡುವುದು ನನ್ನ ಕೆಲಸ. ಆಗಿನ ಕಾನೂನಿನ ಪ್ರಕಾರ ಹತ್ತಿರದ ಸಂಬಂಧಿಕರೆಂದರೆ ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು, ಗಂಡ, ಹೆಂಡತಿ. ದುಡ್ಡು ಕೊಟ್ಟು ದಾನಿಯನ್ನು ಕರೆತಂದು, ಸುಳ್ಳು ಮದುವೆ ಪತ್ರ ತೋರಿಸಿ ‘ಹೆಂಡತಿ’ ಎನ್ನುವವರೂ ಇದ್ದರು. ಹಾಗಾಗಿ ಸಮಿತಿಯವರು ಹೆಂಡತಿ ಎಂಬ ಪದ ಕಂಡರೆ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದರು.

ಶಿವಣ್ಣನವರು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು, ತುಮಕೂರಿನ ಕಡೆಯವರು, ಆರ್.ಕೆ.ಪುರಂನ ಕ್ವಾರ್ಟರ್ಸಿನಲ್ಲಿ ವಾಸ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಅದಕ್ಕೆಂದು ಕೈಯಲ್ಲಿ ರಕ್ತನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾ ಎರಡು ಸಲ ಕೆಟ್ಟಿತ್ತು. ಇನ್ನು ತಡಮಾಡುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು. ಕಿಡ್ನಿ ಕೊಡಲು ಮುಂದೆ ಬಂದವರು ಅವರ ಹೆಂಡತಿ ಸುಜಾತ. ರಕ್ತದ ಗುಂಪು ಸರಿಹೊಂದಿತ್ತು, ಪರೀಕ್ಷೆಗಳೆಲ್ಲ ಪಾಸು.

ಉಳಿದದ್ದು ವಂಶವೃಕ್ಷದ ಚಿತ್ರ. ನಮ್ಮ ಕಡೆಯವರು ಬಂದಿದ್ದಾರೆಂಬ ಉತ್ಸಾಹದಲ್ಲಿ ಮೂರು ಬಣ್ಣದ ಪೆನ್ಸಿಲ್ ತಂದು ಬರೆದೆ. ಶಿವಣ್ಣ ಮತ್ತು ಸುಜಾತರ ನಡುವೆ ಗಂಡ ಹೆಂಡತಿ ಎಂಬ ಗೆರೆ ಎಳೆದು ನಿಲ್ಲಿಸಿದ್ದರೆ ಕಥೆಯೇ ಇರುತ್ತಿರಲಿಲ್ಲ. ಸುಜಾತ ಶಿವಣ್ಣನವರ ಅಕ್ಕ ಗಂಗಮ್ಮನ ಮಗಳು. ಆ ಗೆರೆಯನ್ನೂ ಕೆಂಪು ಬಣ್ಣದಲ್ಲಿ ಎಳೆದು, ಪಕ್ಕದಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದು, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸಮಿತಿಯ ಅಧ್ಯಕ್ಷರು ಮಿಶ್ರಾ ಸಾಹೇಬರು. ಕಾನ್ಪುರದ ಕಡೆಯ ನಿವೃತ್ತ ವೈದ್ಯರು. ಚಿತ್ರವನ್ನು ನೆಟ್ಟಗೆ ನೋಡಿದರು, ತಿರುಗಿಸಿ ನೋಡಿದರು.

“ಬೇಟಾ, ನಮ್ಮಲ್ಲಿ ಭಾಂಜಿ, ಅಂದ್ರೆ ಅಕ್ಕತಂಗಿಯ ಮಗಳು, ಮನೆಗೆ ಬಂದರೆ ಮಾಮ ಅವಳ ಕಾಲು ಮುಟ್ಟಿ ನಮಸ್ಕರಿಸ್ತಾನೆ. ಇಲ್ಲಿ ಅಕ್ಕನ ಮಗಳೇ ಹೆಂಡತಿ ಅಂತ ಬರೆದಿದೀಯ. ನನಗೆ ಅರ್ಥ ಆಗ್ಲಿಲ್ಲ, ಹೇಳು.”

ಮೇಜಿನ ಸುತ್ತ ಕೂತಿದ್ದ ಐದೂ ಜನ ನನ್ನನ್ನೇ ನೋಡುತ್ತಿದ್ದರು. ನನ್ನ ಸ್ವಂತ ಅಪ್ಪ ಅಮ್ಮ ಕೂಡ ಮಾವ, ಅಕ್ಕನ ಮಗಳೇ. ಅದನ್ನು ಹೇಳಲು ಬಾಯಿ ತೆರೆದೆ. ಹೊರಬಿದ್ದದ್ದು ಬೇರೆಯೇ.

“ಹಳ್ಳಿ ಜನ ಸರ್, ಏನೇನೋ ಮಾಡ್ಕೊಂಡಿರ್ತಾರೆ. ಬೇಕಾದ್ರೆ ಆ ಗೆರೆ ಅಳಿಸಿಬಿಡ್ತೀನಿ.”

ದಾಖಲೆ ತಿದ್ದುತ್ತೇನೆಂದು ಸಮಿತಿಯ ಎದುರಿಗೇ ನಗುನಗುತ್ತಾ ಹೇಳಿದ ಮೊದಲ ನೌಕರ ಬಹುಶಃ ನಾನೇ. ಫೈಲು ಮುಂದಿನ ಸಭೆಗೆ ಹೋಯಿತು. ಅಂದರೆ ಎರಡು ವಾರ. ಮದುವೆ ನಿಜವೆಂದು ಸಾಬೀತಾಗಬೇಕು, ದಾನಿಯ ಮೇಲೆ ಮನೆಯವರ ಒತ್ತಡವಿಲ್ಲವೆಂದೂ ಖಚಿತವಾಗಬೇಕು.

ಈ ಸುದ್ದಿ ಹೇಳಲು ಆರ್.ಕೆ.ಪುರಂಗೆ ಬಸ್ಸಿನಲ್ಲಿ ಹೋಗುವಾಗ, ಏಟು ಬಿದ್ದರೆ ಯಾವ ಕೆನ್ನೆ ಒಡ್ಡಬೇಕೆಂದು ಯೋಚಿಸುತ್ತಿದ್ದೆ. ಶಿವಣ್ಣ ಊದಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದರು. ಎಲ್ಲ ಕೇಳಿ ನಿಧಾನಕ್ಕೆ ಹೇಳಿದರು: “ಏನ್ರೀ, ನಾನೂ ಇವಳೂ ಇಷ್ಟು ವರ್ಷ ಜಗಳ ಆಡಿದ್ರೂ ಮುರೀದೇ ಇರೋ ಮದುವೇನ ನೀವು ಪೆನ್ಸಿಲಲ್ಲಿ ಮುರಿದುಬಿಟ್ರಲ್ರೀ!”

“ಮಾವ, ಪಾಪ, ಅವರನ್ನ ಹೆದರಿಸಬೇಡಿ,” ಎಂದು ಸುಜಾತ ನನ್ನ ಕೈಗೆ ಕಾಫಿ ಕೊಟ್ಟರು. ಹತ್ತು ವರ್ಷದ ಮಗಳು ದಿವ್ಯಾಳಿಗೆ ಮಾತ್ರ ಇದರಲ್ಲಿ ಗೊಂದಲವೇ ಇರಲಿಲ್ಲ. “ಅಂಕಲ್, ಗಂಗಜ್ಜಿ ಮೇರಿ ನಾನಿ ಭೀ ಹೈ, ಬುವಾ ಭೀ. ಅಮ್ಮನ ಅಮ್ಮಾನೂ ಅವರೇ, ಅಪ್ಪನ ಅಕ್ಕಾನೂ ಅವರೇ. ಬರ್ತ್‌ಡೇಗೆ ಎರಡು ಗಿಫ್ಟ್ ಕೊಡ್ಬೇಕು, ಒಂದೇ ಕೊಡ್ತಾರೆ.”

ಊರಿಂದ ಬಂದಿದ್ದ ಗಂಗಮ್ಮ ಟ್ರಂಕಿನ ತಳದಿಂದ ಲಗ್ನಪತ್ರಿಕೆ ತೆಗೆದರು. ವರನ ತಂದೆಯಾಗಿ ಒಬ್ಬ ಹಿರಿಯರ ಹೆಸರಿತ್ತು. ವಧುವಿನ ತಾಯಿಯ ತಂದೆಯಾಗಿಯೂ ಅದೇ ಹೆಸರು. ಜೊತೆಗೆ ಮದುವೆಯ ಆಲ್ಬಂ, ರೇಷನ್ ಕಾರ್ಡು, ದಿವ್ಯಾಳ ಜನನ ಪತ್ರ. ಎಲ್ಲವನ್ನೂ ನಕಲು ಮಾಡಿಸಿದೆ. ಪೆನ್ಸಿಲ್ ಮುಟ್ಟಲಿಲ್ಲ.

ಎರಡನೇ ಸಭೆಯಲ್ಲಿ ಮೊದಲು ನಾನೇ ಎದ್ದು ನಿಂತೆ. “ಸರ್, ಹೋದ ಸಲ ತಪ್ಪು ಮಾತಾಡಿದೆ. ನಮ್ಮ ಕಡೆ ಇದು ಹಿಂದಿನಿಂದ ನಡೆದುಬಂದ ಪದ್ಧತಿ. ನನ್ನ ಅಪ್ಪ ಅಮ್ಮನದೂ ಇಂಥದ್ದೇ ಮದುವೆ.” ಮಿಶ್ರಾ ಸಾಹೇಬರು ನನ್ನನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, “ಅಚ್ಛಾ, ಬೈಠೋ,” ಎಂದರು.

ಅವರ ನಿಜವಾದ ಚಿಂತೆ ಆಮೇಲೆ ತಿಳಿಯಿತು. ಗಂಗಮ್ಮನನ್ನು ಕರೆಸಿ ಕೇಳಿದರು, ನಾನು ಕನ್ನಡಕ್ಕೆ ತಂದೆ: “ರೋಗಿ ನಿಮ್ಮ ತಮ್ಮ, ಕೊಡುವವಳು ನಿಮ್ಮ ಮಗಳು. ತಮ್ಮನನ್ನು ಉಳಿಸಲು ಮಗಳನ್ನು ಒತ್ತಾಯಿಸಿದ್ರಾ?”

ಗಂಗಮ್ಮನಿಗೆ ಸಿಟ್ಟು ಬರಲಿಲ್ಲ. “ಕೇಳೋದು ಸರಿನೇ ಕಣಪ್ಪಾ ಅಂತ ಅವರಿಗೆ ಹೇಳು. ನಾನೇ ಕೊಡ್ತೀನಿ ಅಂದೆ, ಸಕ್ಕರೆ ಕಾಯಿಲೆ ಐತೆ ಬೇಡ ಅಂದ್ರು ಡಾಕ್ಟ್ರು. ಆಮೇಲೆ ನಾನು ಬಾಯೇ ಬಿಟ್ಟಿಲ್ಲ. ಕೊಡು ಅಂದ್ರೆ ಮಗಳಿಗೆ ದ್ರೋಹ, ಬೇಡ ಅಂದ್ರೆ ತಮ್ಮನಿಗೆ. ಅವಳನ್ನೇ ಕೇಳಲಿ, ನಾನು ಆಚೆ ಇರ್ತೀನಿ.”

ಒಂದು ಮಾತೂ ಬಿಡದೆ ಹಿಂದಿಗೆ ತಂದೆ.

ಮನೆಯವರನ್ನು ಹೊರಗಿಟ್ಟು ಸುಜಾತರನ್ನು ಒಬ್ಬರೇ ಕೂರಿಸಿ ಮಾತಾಡಿಸಿದರು; ಅನುವಾದಕ್ಕೆಂದು ನಾನು ಮೂಲೆಯಲ್ಲಿದ್ದೆ. ಹದಿನಾಲ್ಕು ವರ್ಷ ದೆಹಲಿಯ ತರಕಾರಿ ಭಯ್ಯಾಗಳ ಜೊತೆ ಚೌಕಾಸಿ ಮಾಡಿದ ಹಿಂದಿ, ನನ್ನ ಅಗತ್ಯವೇ ಬೀಳಲಿಲ್ಲ. ಬೇಡವೆನ್ನಿಸಿದರೆ ಈಗಲೂ ಹೇಳಬಹುದು, ಕಾರಣವನ್ನು ಯಾರಿಗೂ ತಿಳಿಸುವುದಿಲ್ಲ ಎಂದರು ಮಿಶ್ರಾ.

ಸುಜಾತರ ಉತ್ತರ ಇಷ್ಟು: “ಸಾಬ್, ಬರೀ ಅಮ್ಮನ ತಮ್ಮ ಅಂತ ಆಗಿದ್ರೆ ಯೋಚನೆ ಮಾಡ್ತಿದ್ದೆನೇನೋ. ಇವರು ನನ್ನ ಮನುಷ್ಯ. ದಿನಾ ಜಗಳ ಆಡೋಕೆ ನನಗೆ ಇವರೇ ಬೇಕು.”

ಒಬ್ಬ ಸದಸ್ಯರು ನಕ್ಕರು. ಮಿಶ್ರಾ ಸಾಹೇಬರು ನಗದೆ ಸಹಿ ಮಾಡಿ, ಫೈಲನ್ನು ನನ್ನ ಕಡೆ ತಳ್ಳಿದರು. ಕೆಂಪು ಗೆರೆ ಹಾಗೆಯೇ ಇತ್ತು.

ಮುಂದಿನ ವಾರ ಶಸ್ತ್ರಚಿಕಿತ್ಸೆ ನಡೆಯಿತು. ಹೊಸ ಕಿಡ್ನಿ ಅಂದೇ ಕೆಲಸ ಶುರುಮಾಡಿತು. ನಾನು ಎರಡು ವಾರ ಹಾಳುಮಾಡಿದ್ದೆ, ಆ ಮನೆಯವರು ನನಗೆ ಡಬ್ಬಿ ತುಂಬ ಚಕ್ಕುಲಿ ಕಳಿಸಿದರು. ಅವರ ಋಣ ದೊಡ್ಡದು. ನನ್ನನ್ನು ಕೆಲಸದಿಂದ ತೆಗೆಸದ ಮಿಶ್ರಾ ಸಾಹೇಬರ ಋಣವೂ ಸಣ್ಣದಲ್ಲ.

ಕಾರಿಡಾರಿನಲ್ಲಿ ಸಿಕ್ಕಾಗ ಅವರಿಗೆ ಥ್ಯಾಂಕ್ಸ್ ಹೇಳಿದೆ. ಅವರು ನನ್ನ ಕೈಲಿದ್ದ ಡಬ್ಬಿಯಿಂದ ಒಂದು ಚಕ್ಕುಲಿ ಎತ್ತಿಕೊಂಡು ಮುರಿದರು.

“ನೋಡು ಬೇಟಾ, ಈ ವಯಸ್ಸಿನಲ್ಲಿ, ಅಷ್ಟು ಜನರ ಮುಂದೆ, ನನಗೆ ಗೊತ್ತಿಲ್ಲ ಅಂತ ಕೇಳೋಕೆ ನನಗೆ ನಾಚಿಕೆ ಆಗಲಿಲ್ಲ. ನಿನ್ನ ಅಪ್ಪ ಅಮ್ಮನ ಬಗ್ಗೆ ಹೇಳೋಕೆ ನಿನಗ್ಯಾಕೆ ಆಯ್ತು?”