ಮೌನಿಕಾಳ ಬದಲಿಗೆ ಅಜ್ಜಿ ಆಡಿದ್ದು

ತೆಲುಗು ರಾಜ್ಯದ ಗಡಿಯಲ್ಲಿರುವ ರಾಯದುರ್ಗದಲ್ಲಿ ಮೌನಿಕಾಳ ಓಣಿಗೆ ಬೆಳಗಾಗುವುದೇ ಹೊಲಿಗೆ ಮಷಿನ್ನುಗಳ ಸದ್ದಿನಿಂದ. ಅಲ್ಲಿ ಮನೆಮನೆಯಲ್ಲೂ ಜೀನ್ಸ್ ಪ್ಯಾಂಟು ಹೊಲಿಯುತ್ತಾರೆ. ಅವಳ ತಾಯಿ ಸುಜಾತಾ ಜೇಬು ಕೂರಿಸುವುದರಲ್ಲಿ ಪಳಗಿದ ಕೈ. ತಂದೆ ಶಿವರಾಮನಿಗೆ ಬಸ್‌ಸ್ಟ್ಯಾಂಡ್ ಹಿಂದಿನ ಶೆಡ್ಡಿನಲ್ಲಿ ಬಟ್ಟೆ ಕತ್ತರಿಸುವ ಕೆಲಸ. ಈ ಸದ್ದಿನಲ್ಲೇ ಮೌನಿಕಾ ಓದಿದಳು, ನಿದ್ದೆ ಮಾಡಿದಳು, ಹತ್ತನೇ ತರಗತಿಗೆ ಬಂದಳು. ಇದೇ ಸದ್ದಿನ ಮರೆಯಲ್ಲಿ ಫೋನಿನಲ್ಲಿ ಲಾರಿ ಓಡಿಸುವುದನ್ನೂ ಕಲಿತಳು. ಆಟದ ಲಾರಿ ಎಷ್ಟೇ ಹಾರನ್ ಹೊಡೆದುಕೊಂಡರೂ ಮಷಿನ್ ಮುಂದೆ ಕೂತ ಅಮ್ಮನಿಗೆ ಅದು ಕೇಳಿಸುತ್ತಿರಲಿಲ್ಲ.

ಆ ಆಟದಲ್ಲಿ ಇಬ್ಬರು ಜೊತೆಯಾಗಿ ಎರಡು ಲಾರಿ ಓಡಿಸಬೇಕು. ಸರಕು ಚೆಲ್ಲದಂತೆ ಘಾಟಿ ದಾಟಿಸಬೇಕು. ಮೌನಿಕಾಳ ಜೊತೆಗಾತಿ ಅವಳ ಸೋದರಮಾವನ ಮಗಳು ಅರ್ಚನಾ. ಅವಳಿರುವುದು ಮಡಕಶಿರದ ಆಚೆ, ಅಮರಾಪುರದಲ್ಲಿ. ಇವಳಿಗಿಂತ ಒಂದು ವರ್ಷ ದೊಡ್ಡವಳು, ಹತ್ತರ ನಂತರದ ಇಂಟರ್ ಓದುತ್ತಿದ್ದಳು. ಸಂಜೆಯಾದರೆ ರಾಯದುರ್ಗದಿಂದ ಒಂದು ಲಾರಿ, ಅಮರಾಪುರದಿಂದ ಒಂದು ಲಾರಿ ಹೊರಟು ಫೋನಿನೊಳಗೆ ಸೇರುತ್ತಿದ್ದವು.

ಪ್ರೀ ಫೈನಲ್ ಪರೀಕ್ಷೆಯ ಗಣಿತದಲ್ಲಿ ಮೌನಿಕಾ ಫೇಲಾದಾಗ ಈ ಸುಖಕ್ಕೆ ಕುತ್ತು ಬಂತು. ಅಮ್ಮ ಉತ್ತರ ಪತ್ರಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಲಾರಿ ಓಡಿಸಾಕ ಹತ್ತನೇ ಕ್ಲಾಸ್ ಯಾಕ ಬೇಕು? ನಾಳೆನ ಕ್ಲೀನರ್ ಆಗಿ ಹೋಗು. ಕೊಡಿಲ್ಲಿ ಫೋನು."

ಫೋನನ್ನು ಕಾಯಲು ಮನೆಯಲ್ಲಿ ಪುರುಸೊತ್ತಿದ್ದವರು ಯಾರೂ ಇರಲಿಲ್ಲ. ಹಾಗಾಗಿ ಸುಜಾತಾ ತನ್ನ ತಾಯಿಯನ್ನೇ ಅಮರಾಪುರದಿಂದ ಕರೆಸಿದಳು. ಓಬಳಮ್ಮಜ್ಜಿ ಕಡಲೆಕಾಯಿ ಮೂಟೆಯೊಂದನ್ನು ಬಗಲಲ್ಲಿಟ್ಟುಕೊಂಡು ಬಸ್ಸಿಳಿದಳು. ಮನೆಗೆ ಬಂದವಳೇ ಮಗಳ ಮಾತು ಕೇಳಿ ನಕ್ಕಳು.

"ಏನೇ ಸುಜಾತ, 'ಯಾಕ' 'ಐತಿ' ಅಂತ ಪೂರಾ ಈ ಕಡೆಯೋಳೇ ಆಗೋದೆ."

ಅಜ್ಜಿಯ ಸೊಂಟದಲ್ಲಿ ಎಲೆಅಡಿಕೆಯ ಬಟ್ಟೆ ಚೀಲವೊಂದು ಯಾವಾಗಲೂ ಇರುತ್ತಿತ್ತು. ಫೋನು ಆ ಚೀಲಕ್ಕೆ ಹೋಯಿತು. ರಾತ್ರಿ ಊಟಕ್ಕೆ ಮುಂಚೆ ಅರ್ಧ ಗಂಟೆ ಮಾತ್ರ ಹೊರಗೆ ಬರತಕ್ಕದ್ದು ಎಂದು ಅಮ್ಮನ ಕಟ್ಟಪ್ಪಣೆ. ಬಂದಾಗ ಅದರ ಮೈತುಂಬ ಸುಣ್ಣ, ಅಡಿಕೆ ಚೂರು. ಮೌನಿಕಾ ಅದನ್ನು ಲಂಗಕ್ಕೆ ಒರೆಸಿಕೊಂಡು ಆಡಲು ಕೂರುತ್ತಿದ್ದಳು. ಕಾವಲಿಗೆ ಅಜ್ಜಿ ಪಕ್ಕದಲ್ಲೇ ಕೂರುತ್ತಿದ್ದಳು.

"ಈ ಲಾರಿ ಯಾವೂರಿಗೆ ಓಗ್ತೈತೆ?" ಎಂದು ಮೊದಲ ದಿನ ಕೇಳಿದಳು.

"ಯಾವ ಊರಿಗೂ ಇಲ್ಲಜ್ಜಿ. ಆಟ ಅದು."

"ಊರೇ ಇಲ್ದಿರೋ ದಾರೀಲಿ ಇಷ್ಟು ಆತ್ರ ಯಾಕೆ? ನಿಧಾನಕ್ಕೆ ಓಡ್ಸು."

ಎರಡನೆಯ ದಿನ ಅವಳಿಗೆ ಎಡಬಲ ಗೊತ್ತಾಯಿತು. ಆಮೇಲೊಂದು ದಿನ, "ಒಂದ್ ಕಿತ ನನ್ ಕೈಗೆ ಕೊಡು, ನೋಡಾನ" ಎಂದಳು. ಲಾರಿ ಸೀದಾ ಹೋಗಿ ಬೇಲಿಗೆ ಗುದ್ದಿತು. ಅಜ್ಜಿ ಬೇಲಿಯವನಿಗೂ ಲಾರಿ ಮಾಡಿದವನಿಗೂ ಸೇರಿಸಿ ಬೈದು, ಮತ್ತೆ ಹಿಡಿದಳು. ಹರೆಯದಲ್ಲಿ ಕಡಲೆಕಾಯಿ ಚೀಲಗಳ ಮೇಲೆ ಕೂತು ಹಿಂದೂಪುರಕ್ಕೆ ಹೋಗುತ್ತಿದ್ದಾಗ ಡ್ರೈವರಿನ ಜಾಗದಲ್ಲಿ ತಾನೇ ಕೂರಬೇಕೆಂದು ಅನಿಸುತ್ತಿತ್ತಂತೆ. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲವಂತೆ.

ಒಂದು ಸಂಜೆ ಮೌನಿಕಾ ಶಾಲೆಯಿಂದ ಬಂದು ಫೋನು ಕೇಳಿದಾಗ ಅದು ಬಿಸಿಯಾಗಿತ್ತು. ಬ್ಯಾಟರಿ ಮುಗಿಯುತ್ತಾ ಬಂದಿತ್ತು. ತೆರೆದು ನೋಡಿದರೆ ಅವಳ ಲಾರಿಗೆ ಹೊಸ ಹಸಿರು ಬಣ್ಣ ಬಂದಿದೆ, ಒಬ್ಬರೇ ಆಡುವ ಭಾಗದಲ್ಲಿ ಅವಳಿಗೆ ದಾಟಲಾಗದ ಎರಡು ಘಾಟಿಗಳನ್ನು ಲಾರಿ ದಾಟಿದೆ.

"ಅಜ್ಜಿ!"

"ಮೆತ್ತಗೆ ಕೂಗು, ನಿಮ್ಮಮ್ಮಂಗೆ ಕೇಳಿಸ್ತೈತೆ" ಎಂದಳು ಓಬಳಮ್ಮಜ್ಜಿ, ಎಲೆಗೆ ಸುಣ್ಣ ಸವರುತ್ತಾ.

ಪಬ್ಲಿಕ್ ಪರೀಕ್ಷೆ ಶುರುವಾಯಿತು. ಕನ್ನಡ ಸಲೀಸಾಗಿ ಹೋಯಿತು. ತೆಲುಗು, ಇಂಗ್ಲಿಷ್ ಕೂಡ ಹೆದರಿಸಲಿಲ್ಲ. ಗಣಿತ ಸೋಮವಾರವಿತ್ತು. ಶನಿವಾರ ಅಜ್ಜಿಯ ಚೀಲದೊಳಗಿನಿಂದ ಫೋನು ರಿಂಗಾಯಿತು. ಇಂಟರ್ ಪರೀಕ್ಷೆ ಮುಗಿಸಿ ಆರಾಮಾಗಿದ್ದ ಅರ್ಚನಾ.

"ಮೌನಿ, ಮಡಕಶಿರದ ಮೊಬೈಲ್ ಅಂಗಡಿಯೋರು ನಮ್ಮ ಲಾರಿ ಆಟದ ಪಂದ್ಯ ಇಟ್ಟವ್ರೆ. ಮನೇಲೇ ಕೂತು ಆಡೋದು. ನಮ್ಮಿಬ್ರ ಹೆಸ್ರೂ ಕೊಟ್ಟಿದ್ದೀನಿ. ನಾಳೆ ಸಾಯಂಕಾಲ."

"ಅರ್ಚನಕ್ಕ, ನಾಡಿದ್ದು ನನಗ ಲೆಕ್ಕದ ಪರೀಕ್ಷೆ ಐತಿ."

"ಒಂದು ಗಂಟೆ ಕಣೇ. ಜೊತೆ ಇಲ್ಲ ಅಂದ್ರೆ ನನ್ನೂ ಆಚೆಗೆ ಹಾಕ್ತಾರೆ."

ಮೌನಿಕಾ ಫೋನಿಟ್ಟು ಪುಸ್ತಕ ತೆರೆದಳು. ತ್ರಿಕೋನಮಿತಿಯ ಲೆಕ್ಕಗಳು ಇನ್ನೂ ಅರ್ಧದಷ್ಟು ಬಾಕಿ ಇದ್ದವು. ಗೋಪುರದ ತುದಿ ಇಷ್ಟು ಡಿಗ್ರಿ ಕೋನದಲ್ಲಿ ಕಾಣುತ್ತದೆ, ಹಾಗಾದರೆ ಎತ್ತರವೆಷ್ಟು? ಎತ್ತರ ಬರಲಿಲ್ಲ, ಲಾರಿ ಬಂತು. ಪುಸ್ತಕ ಮುಚ್ಚಿದಳು. ಆಡಿದರೆ ಮನಸ್ಸು ಕೆಡುತ್ತದೆ, ಆಡದಿದ್ದರೆ ಅರ್ಚನಕ್ಕನ ಆಟ ಕೆಡುತ್ತದೆ. ಭಾನುವಾರ ಮಧ್ಯಾಹ್ನದವರೆಗೂ ಊಟ ರುಚಿಸಲಿಲ್ಲ. ಕೊನೆಗೆ ತಾನೇ ಫೋನು ಮಾಡಿ, "ಬ್ಯಾಡ ಅರ್ಚನಕ್ಕ. ಆಡಿ ಫೇಲಾದ್ರ ಆಟದ ಮೇಲನ ಸಿಟ್ಟು ಬರ್ತೈತಿ" ಎಂದಳು. ಮೌನಿಕಾಳ ಕಣ್ಣು ತುಂಬಿತು.

ಪಕ್ಕದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡಳು.

"ಅದಕ್ಯಾಕೆ ಅಳ್ತೀಯ? ನೀನು ಲೆಕ್ಕ ಮಾಡು. ಲಾರಿ ನಾನು ಓಡುಸ್ತೀನಿ."

ಫೋನಿನೊಳಗಿಂದ ಅರ್ಚನಾ, "ಯಾರು, ಅಜ್ಜೀನಾ?" ಎಂದಳು. ಆಮೇಲೆ ಬಹಳ ಹೊತ್ತು ಬರೀ ನಗು ಕೇಳಿಸಿತು.

ಸಂಜೆ ಮೌನಿಕಾ ಒಳಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಲೆಕ್ಕಕ್ಕೆ ಕೂತಳು. ಅಜ್ಜಿ ಪಡಸಾಲೆಯಲ್ಲಿ ಗೋಡೆಗೊರಗಿ, ಕನ್ನಡಕ ಏರಿಸಿ ಕೂತಳು. ಅರ್ಚನಾ ಅಂಗಡಿಯವನಿಗೆ ಮೊದಲೇ ಹೇಳಿ ಒಪ್ಪಿಸಿದ್ದಳು. ಅಜ್ಜಿಯಾದರೇನು, ಆಡಲಿ ಬಿಡಿ ಎಂದಿದ್ದನಂತೆ. ಸರಕು ಮಣ್ಣಿನ ಮಡಕೆ. ಅರ್ಚನಾಳ ದನಿ ಫೋನಿನಿಂದ ಜೋರಾಗಿ ಬರುತ್ತಿತ್ತು.

"ಎಡಕ್ಕೆ ಅಜ್ಜಿ, ಎಡಕ್ಕೆ!"

"ಗೊತ್ತೈತೆ, ಬಾಯ್ಮುಚ್ಚು. ನಾನು ಎಡಕ್ಕೇ ಓಗ್ತಾ ಇವ್ನಿ. ಆ ನೀಲಿ ಲಾರಿಯೋನು ನೋಡೇ, ಎಂಗೆ ಅಡ್ಡ ಬತ್ತಾನೆ! ಲೋ, ನಿನಗೇನು ಹೆಂಡ್ತಿ ಮಕ್ಳಿಲ್ವೇನೋ!"

ಒಳಗೆ ಮೌನಿಕಾ ತುಟಿ ಕಚ್ಚಿಕೊಂಡು, ಎದುರು ಬಾಹು ಭಾಗಿಸು ಪಕ್ಕದ ಬಾಹು ಎಂದು ಬರೆದಳು. ಹೊರಗೆ ಘಾಟಿಯ ಅರ್ಧ ದಾರಿ ಸವೆದಿತ್ತು. ಇವರ ಎರಡು ಲಾರಿಗಳೂ ಎಲ್ಲರಿಗಿಂತ ಮುಂದಿದ್ದವು. ಇದ್ದಕ್ಕಿದ್ದಂತೆ ಅಜ್ಜಿಯ ಲಾರಿ ನಿಂತಿತು.

"ಬ್ರೇಕ್ ಯಾಕೆ ಹಾಕ್ದೆ ಅಜ್ಜಿ?"

"ಕುರಿ ಬತ್ತಾವಲ್ಲೇ ಅಡ್ಡ."

"ಅವು ಬೊಂಬೆ ಕುರಿ! ಮೇಲೆ ಹತ್ಸು, ಏನೂ ಆಗಲ್ಲ!"

"ನಿನ್ ಬಾಯಿಗೆ ಮಣ್ಣಾಕ! ಕುರಿ ಕಾಯೋರ ಮನೇಲಿ ಹುಟ್ಟಿ ಕುರಿ ಮೇಲೆ ಲಾರಿ ಹತ್ಸು ಅಂತೀಯಲ್ಲೇ! ನಿಮ್ಮಪ್ಪಂಗೆ ಏಳ್ತೀನಿ ತಡಿ."

ಕುರಿಗಳು ಸಾವಕಾಶವಾಗಿ ದಾಟಿದವು. ಹಿಂದಿದ್ದ ಲಾರಿಗಳೆಲ್ಲ ಅವನ್ನು ತುಳಿದುಕೊಂಡೇ ಮುಂದೆ ಹೋದವು. ಅಜ್ಜಿ ಒಬ್ಬೊಬ್ಬರಿಗೂ ಬೇರೆ ಬೇರೆ ಶಾಪ ಹಾಕಿದಳು. ಗದ್ದಲ ಕೇಳಿ ಸುಜಾತಾ ಕೈಯಲ್ಲಿ ಕತ್ತರಿ ಹಿಡಿದೇ ಬಂದಳು.

"ಅವ್ವಾ! ನಿನಗ ಕಾಯಾಕ ಕೊಟ್ರ ನೀನ ಆಡಾಕತ್ತೀಯಲ್ಲ!"

"ಸುಮ್ನಿರೇ, ಇಳಿಜಾರು ಬಂತು" ಎಂದಳು ಅಜ್ಜಿ, ತಲೆಯೆತ್ತದೆ.

ಸುಜಾತಾ ಬಯ್ಯಲೆಂದೇ ಬಂದವಳು. ಆದರೆ ಇಳಿಜಾರು ಮುಗಿಯುವವರೆಗೆ ಅಲ್ಲೇ ನಿಂತಳು. ಓಬಳಮ್ಮ ಅರ್ಚನಾ ಜೋಡಿ ಎಲ್ಲರಿಗಿಂತ ಕಡೆಗೆ ಬಂದು ಮುಟ್ಟಿತು. ಒಂದು ಮಡಕೆಯೂ ಒಡೆದಿರಲಿಲ್ಲ, ಆದರೆ ಅದಕ್ಕೆ ಬಹುಮಾನವೇನೂ ಇರಲಿಲ್ಲ. ಸುಜಾತಾ ಬಾಗಿಲು ಸರಿಸಿ ಒಳಗೆ ನೋಡಿದಳು. ಮಗಳು ನೆಲದ ಮೇಲೆ ಬೋರಲಾಗಿ ಮಲಗಿ, ನಗು ತಡೆಯಲಾರದೆ ತಲೆದಿಂಬು ಕಚ್ಚಿಕೊಂಡಿದ್ದಳು. ಮುಂದಿದ್ದ ಹಾಳೆಗಳ ತುಂಬ ಲೆಕ್ಕ. ಅಮ್ಮ ಒಂದು ಲೋಟ ಹಾಲು ತಂದಿಟ್ಟಳು.

ಮರುದಿನ ಪರೀಕ್ಷೆಯಲ್ಲಿ ಗೋಪುರದ ಲೆಕ್ಕವೇ ಬಂತು. ಅದನ್ನು ನೋಡುತ್ತಿದ್ದಂತೆ ನೀಲಿ ಲಾರಿಯವನ ಹೆಂಡತಿ ಮಕ್ಕಳು ನೆನಪಾದರು, ಹಿಂದೆಯೇ ಎದುರು ಬಾಹುವೂ ಪಕ್ಕದ ಬಾಹುವೂ ನೆನಪಾದವು. ಮೇಲ್ವಿಚಾರಕಿ ಬಂದು, "ಏನಮ್ಮ, ಒಬ್ಬಾಕೀನ ನಗ್ತೀಯಲ್ಲ, ಮೈಯಾಗ ಆರಾಮೈತಿಲ್ಲೋ?" ಎಂದು ಕೇಳಿದರು. "ಆರಾಮೈತ್ರಿ ಮೇಡಂ" ಎಂದು ಮೌನಿಕಾ ಬರೆಯುತ್ತಲೇ ಇದ್ದಳು.

ಕೊನೆಯ ಸಮಾಜ ವಿಜ್ಞಾನದ ಪರೀಕ್ಷೆಯೂ ಮುಗಿದ ಮೇಲೆ ಮನೆಯಲ್ಲಿ ರಜೆಯ ಮಾತೆದ್ದಿತು. ಬೇಸಿಗೆಯ ಕಂಪ್ಯೂಟರ್ ಕ್ಲಾಸಿಗೆ ಸೇರಿಸಬೇಕೆಂದು ಅಮ್ಮನ ಆಸೆ. ಅಪ್ಪನಿಗೆ ಎಲ್ಲರನ್ನೂ ಒಂದು ದಿನ ಭೈರವಾನಿತಿಪ್ಪ ಡ್ಯಾಮಿಗೆ ಕರೆದುಕೊಂಡು ಹೋಗಿ ಬಂದರೆ ಸಾಕಿತ್ತು. ಮೌನಿಕಾಳಿಗೆ ಅಮರಾಪುರವೇ ಬೇಕು. ಶಿವರಾಮ ನಡುವೆ ಬಿದ್ದು ತೀರ್ಮಾನ ಮಾಡಿದ. ಭಾನುವಾರ ಡ್ಯಾಮು, ಆಮೇಲೆ ಅಮರಾಪುರ, ರಿಸಲ್ಟ್ ಬಂದ ಮೇಲೆ ಕಂಪ್ಯೂಟರು. ಮೂರೂ ಸಿಕ್ಕಿದ್ದರಿಂದ ಜಗಳವಾಡಲು ಯಾರಿಗೂ ಕಾರಣ ಉಳಿಯಲಿಲ್ಲ.

ಅಜ್ಜಿ ಮೊಮ್ಮಗಳು ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಟಿಕೆಟ್ ಪಡೆದು, ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಅಮರಾಪುರ ಸೇರಿದರು. ಅಜ್ಜಿಗೆ ಡ್ರೈವರಿನ ಹಿಂದಿನ ಸೀಟೇ ಆಗಬೇಕಿತ್ತು. ದಾರಿಯುದ್ದಕ್ಕೂ ಅವನ ಕೈಯನ್ನೇ ನೋಡಿದಳು. ಮಡಕಶಿರ ಬರುವಷ್ಟರಲ್ಲಿ, "ಪರವಾಗಿಲ್ಲ, ಚೆನ್ನಾಗಿ ಓಡುಸ್ತೀಯ ಕಣಪ್ಪ" ಎಂದು ಮೆಚ್ಚಿಕೊಂಡಳು. ಅವನು "ಥ್ಯಾಂಕ್ಸ್ ಅವ್ವಾ" ಎಂದು ನಕ್ಕ.

ಅಮರಾಪುರದಲ್ಲಿ ದಿನಗಳು ಸರಾಗವಾಗಿ ಸರಿದವು. ಬೆಳಗ್ಗೆ ಹುಡುಗಿಯರಿಬ್ಬರೂ ಕುರಿ ಹೊಡೆದುಕೊಂಡು ಹೋಗುವರು, ಬಿಸಿಲೇರಿದಾಗ ಹುಣಸೆ ಮರದ ಕೆಳಗೆ ಕೂತು ಆಡುವರು. ರಿಸಲ್ಟ್ ಬಂದದ್ದು ಅಲ್ಲಿಯೇ. ಅರ್ಚನಾ ಫೋನನ್ನು ಮೇಲೆತ್ತಿ ಸಿಗ್ನಲ್ ಹುಡುಕಿ, ಗಣಿತದಲ್ಲಿ ಎಪ್ಪತ್ತೊಂದು ಎಂದು ಕಿರುಚಿದಳು. ಮೌನಿಕಾ ತಾನೇ ನೋಡುವವರೆಗೂ ನಂಬಲಿಲ್ಲ. ಅಮ್ಮನಿಗೆ ಫೋನು ಮಾಡಿದಾಗ ಆ ಕಡೆ ಮಷಿನ್ನಿನ ಸದ್ದು ನಿಂತುಹೋಯಿತು. ಹಗಲು ಹೊತ್ತಿನಲ್ಲಿ ಅದು ನಿಂತದ್ದನ್ನು ಮೌನಿಕಾ ಕೇಳಿದ್ದು ಅದೇ ಮೊದಲು.

ಆ ಸಂಜೆ ಅಜ್ಜಿ ಒಂದು ಬೇಡಿಕೆ ಇಟ್ಟಳು. ಮೊಮ್ಮಗಳು ಪಾಸಾದ ಖುಷಿಗೆ ತನಗೆ ಅರ್ಚನಾಳ ಸ್ಕೂಟಿ ಕಲಿಸಬೇಕು. ಮೂವರೂ ಸದ್ದಿಲ್ಲದೆ ನೀರೊಣಗಿದ ಕೆರೆಯಂಗಳಕ್ಕೆ ಸ್ಕೂಟಿ ತಂದರು. ಅಜ್ಜಿ ಸೀರೆ ಎತ್ತಿ ಕಟ್ಟಿ ಕೂತಳು. ಮೌನಿಕಾ ಒಂದು ಕಡೆ, ಅರ್ಚನಾ ಒಂದು ಕಡೆ ಹಿಡಿದರು. ಗಾಡಿ ನಾಲ್ಕು ಮಾರು ಹೋಗಿ ಮರಳಲ್ಲಿ ಮೆಲ್ಲಗೆ ವಾಲಿತು. ಮೂವರೂ ಒಬ್ಬರ ಮೇಲೊಬ್ಬರು ಬಿದ್ದರು.

ಎದ್ದು ಮಣ್ಣು ಕೊಡವಿಕೊಳ್ಳುವಾಗ ಏರಿಯ ಮೇಲೆ ಅರ್ಚನಾಳ ಅಪ್ಪ ಹನುಮಂತರಾಯ ನಿಂತಿದ್ದ. ಹುಡುಗಿಯರು ಅಜ್ಜಿಯ ಹಿಂದೆ ಸರಿದರು. ಅವನು ಏರಿ ಇಳಿದು ಬಂದು, ತಾಯಿಯನ್ನು ಒಮ್ಮೆ, ಸ್ಕೂಟಿಯನ್ನು ಒಮ್ಮೆ ನೋಡಿದ.

"ಏನವ್ವಾ ಇದು?"

"ಕಾಣಕಿಲ್ವೇನೋ? ಕಲೀತಾ ಇವ್ನಿ."

ಹನುಮಂತರಾಯ ತಲೆಯ ಟವೆಲ್ಲು ಬಿಗಿದುಕೊಂಡ. "ಈ ಹುಡುಗೀರು ಹಿಡಿಯೋ ಥರ ಹಿಡಿದ್ರೆ ಬೀಳ್ದೆ ಇನ್ನೇನಾಗ್ತೈತೆ? ಸರೀರಿ ಆ ಕಡೆ" ಎಂದು ಹಿಂದಿನ ಕಂಬಿಗೆ ಎರಡೂ ಕೈ ಹಾಕಿದ. ಅಜ್ಜಿ ಆಕ್ಸಿಲರೇಟರ್ ತಿರುವಿದಳು. ಸ್ಕೂಟಿ ಈ ಸಲ ಅವನ ಕೈ ತಪ್ಪಿಸಿಕೊಂಡು ನೆಟ್ಟಗೆ ಹೊರಟಿತು, ಹಿಂದೆ ಮಗ ಪಂಚೆ ಎತ್ತಿಕೊಂಡು, "ಮುಂದೆ ನೋಡವ್ವಾ, ಮುಂದೆ!" ಎಂದು ಕೂಗುತ್ತಾ ಓಡಿದ.